ಮುಂದಾಗಿ ಹೋಗಿ ನೋಡಿ ಬರುವುದು ಅಪನಂಬಿಕೆಯೇ?

ಮುಂದೆ ಬಂದು ಕೂತ್ಕೊಳ್ಳಿ, ಹಿಂದೆ ಯಾಕೆ ಅಷ್ಟು ಜನ ಗೋಡೆಗೆ ಒರಗಿದ್ದೀರಿ? ನನ್ನ ಧ್ವನಿ ಸ್ವಲ್ಪ ಕಟ್ಟಿದೆ, ಕ್ಷಮಿಸಿ. ಶುಕ್ರವಾರ ರಾತ್ರಿ ನಾವು ಮೂರು ಜನ ಹೊಂಗನೂರಿನಿಂದ ಕಾರಲ್ಲಿ ಹೊರಟು, ಶನಿವಾರ ಪೂರ್ತಿ ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಲೈಟ್‌ಹೌಸ್ ಹತ್ತಿರ ಇದ್ದು, ಇವತ್ತು ಬೆಳಗಿನ ಜಾವ ವಾಪಸ್ ಬಂದ್ವಿ. ಬೆಳಗಿನ ಆರಾಧನೆ ಮುಗಿಸಿ ಈಗ ನಿಮ್ಮ ಮುಂದೆ ನಿಂತಿದ್ದೇನೆ. ನಿದ್ದೆ ಇಲ್ಲ, ಆದರೆ ಹೇಳಬೇಕಾದದ್ದು ಇದೆ.

ಲೈಟ್‌ಹೌಸ್ ಅಂದ ಕೂಡಲೇ ಮತ್ತಾಯ 5ನೇ ಅಧ್ಯಾಯದ ಬೆಳಕಿನ ಪ್ರಸಂಗ ಬರುತ್ತೆ ಅಂತ ನೀವು ಅಂದ್ಕೊಂಡಿರಬಹುದು. ಇವತ್ತು ಅದಲ್ಲ. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ತೆಗೆಯಿರಿ. ಫೋನಲ್ಲಿ ಓದುವವರು ದಯವಿಟ್ಟು ಫ್ಲೈಟ್ ಮೋಡ್ ಹಾಕ್ಕೊಳ್ಳಿ. ಅಧ್ಯಾಯ ಪೂರ್ತಿ ಮನೆಯಲ್ಲಿ ಓದಿ, ಈಗ 22ನೇ ವಚನದಿಂದ 32ರ ತನಕ ಕಣ್ಣಾಡಿಸಿ.

ಪೌಲನು ಕೈದಿಯಾಗಿ ರೋಮಾಪುರಕ್ಕೆ ಹೋಗುತ್ತಿದ್ದಾನೆ. ಹಡಗಿನಲ್ಲಿ 276 ಜನ. ಬಿರುಗಾಳಿ ಹೊಡೆದು ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ, ಎಷ್ಟೋ ದಿನ ಹಾಗೇ ತೇಲಿಕೊಂಡು ಹೋಗಿದ್ದಾರೆ. ಆಗ ಒಂದು ರಾತ್ರಿ ದೇವದೂತನು ಪೌಲನ ಹತ್ತಿರ ನಿಂತು, ಹಡಗು ಹಾಳಾದರೂ ನಿನ್ನ ಜೊತೆ ಇರುವವರಲ್ಲಿ ಒಬ್ಬರ ಪ್ರಾಣವೂ ಹೋಗುವುದಿಲ್ಲ ಎಂದು ಮಾತು ಕೊಟ್ಟ. ಪೌಲನು ಅದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳಿದ. ಇದಾದ ಮೇಲೆ ಏನಾಯಿತು ನೋಡಿ. ಹದಿನಾಲ್ಕನೆಯ ರಾತ್ರಿ ನಾವಿಕರಿಗೆ ನೆಲ ಹತ್ತಿರ ಬಂತೆಂದು ಅನ್ನಿಸಿತು. ಅವರು ಹಗ್ಗ ಇಳಿಬಿಟ್ಟು ನೀರಿನ ಆಳ ನೋಡಿದರು, ಇಪ್ಪತ್ತು ಮಾರು. ಇನ್ನೊಂದಿಷ್ಟು ದೂರ ಹೋಗಿ ಮತ್ತೆ ಇಳಿಬಿಟ್ಟರು, ಹದಿನೈದು ಮಾರು. ಬಂಡೆಗೆ ಬಡಿಯುತ್ತೇವೆಂದು ಹೆದರಿ ಹಿಂದುಗಡೆಯಿಂದ ನಾಲ್ಕು ಲಂಗರು ಹಾಕಿದರು.

ಮಾರು ಅಂದ್ರೆ ಏನು ಅಂತ ಸಿಟಿಯಲ್ಲಿ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿಗೆ ಒಂದು ಮಾರು, ಹತ್ತಿರ ಹತ್ತಿರ ಆರು ಅಡಿ. ನಮ್ಮೂರಿನಲ್ಲಿ ಹೂವನ್ನೂ ಹಗ್ಗವನ್ನೂ ಈಗಲೂ ಮಾರಿನಲ್ಲೇ ಅಳೆಯುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಒಬ್ಬರೂ ಸಾಯುವುದಿಲ್ಲ ಅಂತ ದೇವರ ಮಾತು ಬಂದ ಮೇಲೆ ಹಗ್ಗ ಯಾಕೆ ಇಳಿಬಿಟ್ಟರು? ಪೌಲನು ಯಾಕೆ, ಎಲಾ ಅಪನಂಬಿಕೆಯವರೇ, ಅಂತ ಅವರನ್ನು ಗದರಲಿಲ್ಲ? ಗದರಲಿಲ್ಲ ಅಷ್ಟೇ ಅಲ್ಲ. ಅದೇ ನಾವಿಕರು ಸಣ್ಣ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯಲಾರಿರಿ ಅಂತ ಶತಾಧಿಪತಿಗೆ ಹೇಳಿದವನೂ ಪೌಲನೇ. ವಾಗ್ದಾನ ಇಟ್ಟುಕೊಂಡವನೇ ಹಡಗು ಗೊತ್ತಿದ್ದವರನ್ನು ಕಳೆದುಕೊಳ್ಳಬೇಡಿ ಅಂತಾನೆ!

ಈ ಪ್ರಶ್ನೆ ನನಗೆ ಯಾಕೆ ಬಂತು ಅಂದ್ರೆ, ಎಲ್ಲರಿಗೂ ಗೊತ್ತಿರುವ ಹಾಗೆ ನಮ್ಮ ಯೌವನಸ್ಥರ ಔಟಿಂಗ್ ಕಾಪುವಿಗೆ. ಬೆಂಗಳೂರಿನ ನೀವು, ಹೊಂಗನೂರಿನ ಮನೆ ಕೂಟದ ಮಕ್ಕಳು, ಎಲ್ಲಾ ಸೇರಿ ನಲವತ್ತೆರಡು ಜನ ಹೆಸರು ಕೊಟ್ಟಿದ್ದೀರಿ. ಅದರಲ್ಲಿ ಹದಿನಾರು ಜನ ಹದಿನೆಂಟು ವರ್ಷದ ಒಳಗಿನವರು. ಮೊದಲು ನಾನು ಹೋಗಿ ನೋಡಿಕೊಂಡು ಬರ್ತೀನಿ ಅಂದಾಗ ಹೊಂಗನೂರಿನ ಕೂಟದ ಒಬ್ಬರು ತಾಯಿ, ನನ್ನ ಅಮ್ಮನ ವಯಸ್ಸಿನವರು, ತುಂಬಾ ಪ್ರಾರ್ಥಿಸುವವರು, ಹೀಗಂದರು: "ಅಯ್ಯನೋರೇ, ಮೂರು ದಿನ ಉಪವಾಸ ಮಾಡಿ ಪ್ರಾರ್ಥನೆಲಿ ಕೂತ್ಕೊಳೋಣ. ದೇವರು ನೋಡ್ಕೋತಾನೆ. ಅಷ್ಟು ದೂರ ಹೋಗಿ ದುಡ್ಡು ಯಾಕೆ ಸುಡ್ತೀರಾ?" ಅದೇ ದಿನ ಸಂಜೆ ನಿಮ್ಮಲ್ಲೇ ಒಬ್ಬ ತಮ್ಮ ಮೆಸೇಜ್ ಹಾಕಿದ: "ಬ್ರದರ್, ಗೂಗಲ್‌ನಲ್ಲಿ ರಿವ್ಯೂ ಸೂಪರ್ ಆಗಿದೆ, ಡ್ರೋನ್ ವಿಡಿಯೋ ಕೂಡ ಇದೆ, ಹೋಗೋ ಅವಶ್ಯಕತೆ ಇಲ್ಲ."

ನನಗೆ ನಗು ಬಂತು. ಒಬ್ಬರು ಆತ್ಮಿಕವಾಗಿ ಹೇಳಿದರು, ಇನ್ನೊಬ್ಬರು ಟೆಕ್ನಿಕಲ್ ಆಗಿ ಹೇಳಿದರು. ತೀರ್ಮಾನ ಮಾತ್ರ ಇಬ್ಬರದ್ದೂ ಒಂದೇ, ಹೋಗಬೇಡ. ನನ್ನೊಳಗಿನ ಸೋಮಾರಿಗೆ ಎರಡೂ ಇಷ್ಟವಾಯಿತು ಅನ್ನೋದನ್ನೂ ಒಪ್ಪಿಕೊಳ್ಳುತ್ತೇನೆ.

ಆದರೂ ಹೋದೆ. ಅದಕ್ಕೆ ಕಾರಣವಿದೆ. ಅದನ್ನು ನಾನು ಈ ವೇದಿಕೆಯಿಂದ ಇದುವರೆಗೆ ಹೇಳಿಲ್ಲ. ಅರ್ಧ ಹೇಳಿದ್ದೇನೆ. ಉಳಿದ ಅರ್ಧ ಇವತ್ತು.

ನನಗೆ ಆಗ ಇಪ್ಪತ್ಮೂರು ವರ್ಷ. ಹೊಸದಾಗಿ ಅಭಿಷೇಕ ಹೊಂದಿದ್ದೆ, ಬೆಂಕಿ ಅಂದ್ರೆ ಬೆಂಕಿ. ಸಂಡೇ ಸ್ಕೂಲ್ ಹುಡುಗರನ್ನು ಕರೆದುಕೊಂಡು ಕನಕಪುರದ ಆಚೆ ಸಂಗಮಕ್ಕೆ ಹೋದೆ, ಅರ್ಕಾವತಿ ಬಂದು ಕಾವೇರಿಗೆ ಸೇರುತ್ತಲ್ಲ, ಅಲ್ಲಿಗೆ. ನಾನು ಮೊದಲು ಆ ಜಾಗ ನೋಡಿರಲಿಲ್ಲ. ಅಲ್ಲಿ ನೀರು ಮೇಲಿಂದ ನೋಡಿದರೆ ಶಾಂತವಾಗಿರುತ್ತೆ, ಒಳಗೆ ಬಂಡೆ, ಬಂಡೆ ಮುಗಿದ ಕಡೆ ಒಂದೇ ಸಲಕ್ಕೆ ಆಳ. ಇಳಿಯುವ ಮೊದಲು ಒಬ್ಬ ಹುಡುಗ ಕೇಳಿದ, ಅಣ್ಣ ಆಳ ಇದ್ಯಾ ಅಂತ. ನಾನು ಹೇಳಿದ್ದು, ಪ್ರಾರ್ಥನೆ ಮಾಡಿದ್ದೀವಲ್ಲಪ್ಪ, ಇಳೀರಿ.

ಹನ್ನೆರಡು ವರ್ಷದವನೊಬ್ಬ ಜಾರಿದ. ಕೂಗಲಿಲ್ಲ. ಮುಳುಗುವವರು ಕೂಗುವುದಿಲ್ಲ, ಇದು ನನಗೆ ಆಮೇಲೆ ಗೊತ್ತಾಯಿತು. ತೆಪ್ಪದಲ್ಲಿ ಜನರನ್ನು ಆ ದಡಕ್ಕೆ ದಾಟಿಸುತ್ತಿದ್ದ ಒಬ್ಬರು ನೋಡಿ, ಹುಟ್ಟು ಬಿಸಾಕಿ ಹಾರಿ, ಕೂದಲು ಹಿಡಿದು ಎಳೆದರು. ನಾನು ದಡದಲ್ಲಿ ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಾ ನಿಂತಿದ್ದೆ. ನನಗೆ ಈಜು ಬರ್ತಿತ್ತು. ಆದರೂ ನಿಂತಿದ್ದೆ.

ಮುಂದಿನ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಿದೆ. ದೇವರು ಹೇಗೆ ಮಗುವನ್ನು ಸಾವಿನ ಬಾಯಿಂದ ತಪ್ಪಿಸಿದನು, ಹೇಗೆ ಸರಿಯಾದ ಸಮಯಕ್ಕೆ ತೆಪ್ಪದವರನ್ನು ಕಳಿಸಿದನು. ಹಲ್ಲೆಲೂಯ ಅಂದರು, ಚಪ್ಪಾಳೆ ತಟ್ಟಿದರು. ಅದು ಸುಳ್ಳಲ್ಲ ಪ್ರಿಯರೇ. ದೇವರು ತಪ್ಪಿಸಿದನು, ಇವತ್ತಿಗೂ ನಂಬುತ್ತೇನೆ. ಕೂಟ ಮುಗಿದ ಮೇಲೆ ಚಪ್ಪಲಿ ಬಿಡುವ ಜಾಗದಲ್ಲಿ ಆ ಹುಡುಗನ ತಾಯಿ ನನ್ನನ್ನು ನಿಲ್ಲಿಸಿದರು. ಬೈಯಲಿಲ್ಲ. ಮೆತ್ತಗೆ ಕೇಳಿದರು: "ಅಯ್ಯ, ನೀವು ಆ ಜಾಗ ಮೊದಲು ಒಂದ್ಸಲ ನೋಡಿದ್ರಾ?"

ನಾನು ಏನು ಉತ್ತರ ಕೊಟ್ಟೆ ಗೊತ್ತಾ? "ಅಮ್ಮ, ದೇವರ ಕೃಪೆಯಿಂದ ಎಲ್ಲಾ ಒಳ್ಳೇದಾಯ್ತಲ್ಲ." ಆಕೆ ಕೇಳಿದ್ದು ನನ್ನ ಬಗ್ಗೆ, ನಾನು ಹೇಳಿದ್ದು ದೇವರ ಬಗ್ಗೆ. ದೇವರ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡೆ. ಆದಾಮನು ಮರಗಳ ಹಿಂದೆ ಅಡಗಿದ, ನಾನು ಸಾಕ್ಷಿಯ ಹಿಂದೆ ಅಡಗಿದೆ. ಆ ಮಗು ಹೋಗಿದ್ದರೆ ಏನು ಹೇಳುತ್ತಿದ್ದೆ? ಅದೂ ನನಗೆ ಗೊತ್ತು. ದೇವರ ಚಿತ್ತ ಅನ್ನುತ್ತಿದ್ದೆ. ಬದುಕಿದರೆ ಅದ್ಭುತ, ಸತ್ತರೆ ಚಿತ್ತ. ಎರಡರಲ್ಲೂ ನಾನು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ನೋಡಿ ಎಷ್ಟು ಅನುಕೂಲ.

ಇದನ್ನೇ ಇವತ್ತು ನಿಮ್ಮ ಮುಂದೆ ಇಡಬೇಕಾಗಿರುವುದು. ನಂಬಿಕೆಯಿಂದ ನನ್ನ ಪ್ರಾಣ ಪಣಕ್ಕಿಡುವುದು ಬೇರೆ. ನನ್ನ ನಂಬಿಕೆಯಿಂದ ಇನ್ನೊಬ್ಬರ ಮಗುವಿನ ಪ್ರಾಣ ಪಣಕ್ಕಿಡುವುದು ಬೇರೆ. ಇವೆರಡನ್ನೂ ನಾವು ಒಂದೇ ಪದದಲ್ಲಿ ಕರೆಯುತ್ತೇವೆ, ಅಲ್ಲೇ ಮೋಸ ಹೋಗುತ್ತೇವೆ. ಮತ್ತಾಯ 14ರಲ್ಲಿ ಪೇತ್ರನು ನೀರಿನ ಮೇಲೆ ಕಾಲಿಟ್ಟನು, ಸರಿ. ಕರ್ತನು ಕರೆದನು, ಇವನು ಇಳಿದನು. ಆದರೆ ಅವನು ಇಳಿಯುವ ಮುಂಚೆ ಉಳಿದ ಹನ್ನೊಂದು ಜನರಿಗೆ, ಬನ್ರೋ ಎಲ್ಲರೂ ಇಳಿಯೋಣ ಅನ್ನಲಿಲ್ಲ. ತನ್ನ ಕಾಲು ಮಾತ್ರ ಇಟ್ಟನು.

ಧರ್ಮೋಪದೇಶಕಾಂಡ 22:8 ನೋಡಿ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಿಸಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯ ಮೇಲೆ ಬರುತ್ತದೆ ಅಂತ ಆಜ್ಞೆ. ಕೆಂಪು ಸಮುದ್ರ ಇಬ್ಭಾಗ ಮಾಡಿದ ದೇವರೇ ಇದನ್ನು ಹೇಳಿದ್ದು. ನಿಮ್ಮ ಮಾಳಿಗೆಯಿಂದ ಬೀಳುವವರನ್ನೆಲ್ಲಾ ನನ್ನ ದೂತರು ಹಿಡ್ಕೋತಾರೆ, ಗೋಡೆ ಬೇಡ ಅಂತ ಹೇಳಲಿಲ್ಲ. ಗೋಡೆ ಕಟ್ಟುವುದು ಮನೆಯ ಯಜಮಾನನ ಕೆಲಸ, ಅದೂ ತನಗೋಸ್ಕರ ಅಲ್ಲ, ಬರುವವರಿಗೋಸ್ಕರ.

ಈಗ ಕಾಪುವಿಗೆ ಬರೋಣ.

ಶಿರಾಡಿ ಘಾಟಿಯನ್ನು ರಾತ್ರಿ ಎರಡು ಗಂಟೆಗೆ ಇಳಿದೆವು. ಮುಂದೆ ಲಾರಿ, ಹಿಂದೆ ಲಾರಿ, ತಿರುವಿನಲ್ಲಿ ಮಂಜು. ನಮ್ಮ ಕಾರು ಓಡಿಸುತ್ತಿದ್ದ ಸಹೋದರ ಎರಡು ಸಲ ನಿಲ್ಲಿಸಿ ಮುಖ ತೊಳೆದುಕೊಂಡ. ಅಲ್ಲೇ ಒಂದು ವಿಷಯ ತೀರ್ಮಾನವಾಯಿತು, ಬಸ್ಸಿಗೆ ಇಬ್ಬರು ಡ್ರೈವರ್ ಬೇಕು. ಇದನ್ನು ಯಾವ ರಿವ್ಯೂನಲ್ಲೂ ಯಾರೂ ಬರೆದಿರಲಿಲ್ಲ.

ಮಂಗಳೂರು ದಾಟಿ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ, ಉಡುಪಿಗಿಂತ ಮೊದಲೇ ಸಿಗುತ್ತೆ ಕಾಪು. ದೀಪಸ್ತಂಭ ಸಮುದ್ರದ ಅಂಚಿನ ಒಂದು ದೊಡ್ಡ ಬಂಡೆಯ ಮೇಲೆ ನಿಂತಿದೆ, ಕಪ್ಪು ಬಿಳಿ ಪಟ್ಟೆ, 27 ಮೀಟರ್ ಎತ್ತರ. 1901ರಲ್ಲಿ ಕಟ್ಟಿದ್ದು, ಅಂದ್ರೆ ಈ ಕಡಲಿಗೆ ಬಾಸೆಲ್ ಮಿಷನ್ನಿನ ಮೊದಲ ಸೇವಕರು 1834ರಲ್ಲಿ ಬಂದು ಮಂಗಳೂರಿನಲ್ಲಿ ಇಳಿದಾಗ ಇಲ್ಲಿ ಈ ಬೆಳಕು ಇರಲಿಲ್ಲ. ಕೆಳಗೆ ನಿಂತು ನೋಡುವಾಗ ನನಗೆ ಹೊಳೆದದ್ದು ಇದು: ಇದನ್ನು ಕಟ್ಟುವ ಮುಂಚೆ ಯಾರೋ ಬಂದು ಈ ಕರಾವಳಿಯ ಬಂಡೆಗಳನ್ನು ನೋಡಿರಬೇಕು. ಎಲ್ಲಿ ಆಳ, ಎಲ್ಲಿ ಹಡಗು ಒಡೆಯುತ್ತೆ ಅಂತ ಗುರುತು ಹಾಕಿರಬೇಕು. ಬೆಳಕು ಬಂಡೆಯನ್ನು ತೆಗೆಯುವುದಿಲ್ಲ, ಅಲೆಯನ್ನೂ ನಿಲ್ಲಿಸುವುದಿಲ್ಲ. ಇಲ್ಲಿ ಬಂಡೆ ಇದೆ ಅಂತ ರಾತ್ರಿಯೆಲ್ಲಾ ಹೇಳುತ್ತಾ ನಿಂತಿರುತ್ತೆ. ಒಂದೊಂದು ಲೈಟ್‌ಹೌಸಿಗೆ ಮಿನುಗುವ ಲೆಕ್ಕ ಬೇರೆ ಬೇರೆ, ಅದನ್ನು ಎಣಿಸಿ ನಾವಿಕನು ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತಾನೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸಣ್ಣ ಸಣ್ಣ ಕೆಲಸ. ಶೌಚಾಲಯ ಎಲ್ಲಿದೆ, ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಎಲ್ಲಿ, ನಲವತ್ತೆರಡು ಜನಕ್ಕೆ ಊಟ ಯಾರು ಕೊಡ್ತಾರೆ, ಹತ್ತಿರದ ಆಸ್ಪತ್ರೆಗೆ ಎಷ್ಟು ನಿಮಿಷ. ಇದನ್ನೆಲ್ಲಾ ಪ್ರಸಂಗದಲ್ಲಿ ಹೇಳಬೇಕಾ ಅಂತ ನಿಮಗೆ ಅನ್ನಿಸಬಹುದು. ಹೇಳಲ್ಲ, ಲಿಸ್ಟ್ ಗ್ರೂಪಿಗೆ ಬರುತ್ತೆ.

ನಾಲ್ಕು ಗಂಟೆಯ ಹೊತ್ತಿಗೆ ನೀರು ಹಿಂದೆ ಸರಿದಿತ್ತು. ಮರಳು ಅಗಲವಾಗಿ ಬಿದ್ದಿತ್ತು, ಬಂಡೆಯ ಬುಡ ಒಣಗಿತ್ತು. ನಾನು ಖುಷಿಯಾಗಿ ಫೋಟೋ ತೆಗೆದೆ. ಇಲ್ಲೇ ಆರಾಧನೆ ಮಾಡಬಹುದು, ಗಿಟಾರ್ ಇಲ್ಲಿ, ಸೌಂಡ್ ಬಾಕ್ಸ್ ಅಲ್ಲಿ ಅಂತ ಜೊತೆಗಿದ್ದ ತಮ್ಮನಿಗೆ ತೋರಿಸುತ್ತಿದ್ದೆ. ಅಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬ ಹಿರಿಯ ಮೀನುಗಾರರು ಇದನ್ನು ಕೇಳಿಸಿಕೊಂಡು, "ಯಾವಾಗ ಬರುವುದು ನೀವು?" ಅಂದರು. ಮುಂದಿನ ಶನಿವಾರ ಅಂದೆ. ಅವರು ನಕ್ಕುಬಿಟ್ಟರು. "ಇವತ್ತು ನೋಡಿದ್ದು ಇವತ್ತಿನ ಸಮುದ್ರ ಮಾರಾಯ್ರೆ. ಬರುವ ಶನಿವಾರ ಇಷ್ಟು ಹೊತ್ತಿಗೆ ನೀವು ನಿಂತ ಜಾಗದಲ್ಲಿ ನೀರು ಉಂಟು."

ನನಗೆ ಅರ್ಥವಾಗಲಿಲ್ಲ, ಹೊಂಗನೂರಿನವನು ನಾನು. ಅವರು ಮರಳಿನ ಮೇಲೆ ಕಡ್ಡಿಯಿಂದ ಗೀಚಿ ವಿವರಿಸಿದರು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಪ್ರತಿ ದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಏಳು ದಿನಕ್ಕೆ ಲೆಕ್ಕ ಹಾಕಿ, ಆರು ಗಂಟೆಯ ಹತ್ತಿರ. ಅಂದ್ರೆ ಇವತ್ತು ನಾಲ್ಕಕ್ಕೆ ಇಳಿತ ಇದ್ದರೆ, ಸರಿಯಾಗಿ ಒಂದು ವಾರಕ್ಕೆ ಅದೇ ನಾಲ್ಕಕ್ಕೆ ಉಬ್ಬರ. ನಾನು ಗಿಟಾರ್ ಇಡ್ತೀನಿ ಅಂದ ಜಾಗದಲ್ಲಿ ಅಲೆ ಹೊಡೆಯುತ್ತಿರುತ್ತೆ. ಹಾಗಾದರೆ ಇಳಿತ ಇರುವಾಗ ಮಕ್ಕಳು ನೀರಿಗೆ ಇಳಿಯಬಹುದಾ ಅಂತ ಕೇಳಿದೆ. "ಇಳಿಯುವ ನೀರೇ ಎಳೆಯುವುದು," ಅಂದರು. ಆಮೇಲೆ ಕೈ ಚಾಚಿ ಒಂದು ಕಡೆ ತೋರಿಸಿದರು. "ಅಲ್ಲಿ ನೋಡಿ, ಎರಡೂ ಬದಿ ಬಿಳಿ ಅಲೆ ಉಂಟು, ಮಧ್ಯ ಸಪ್ಪಗೆ ಕಾಣುತ್ತದಲ್ಲ? ಹೊರಗಿನವರು ಅದೇ ಒಳ್ಳೆಯ ಜಾಗ ಎಂದು ಅಲ್ಲಿಗೇ ಹೋಗುವುದು."

ನಾನೂ ಅಲ್ಲಿಗೇ ಹೋಗುತ್ತಿದ್ದೆ! ಅಲೆ ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ, ಅದಕ್ಕೇ ಶಾಂತವಾಗಿ ಕಾಣುತ್ತೆ. ಆದರೆ ಅಲ್ಲಿ ನೀರು ನದಿಯ ಹಾಗೆ ಸಮುದ್ರದ ಕಡೆಗೆ ಓಡುತ್ತಿರುತ್ತೆ. ಅದಕ್ಕೆ ಸಿಕ್ಕಿದವನು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ ಮುಳುಗುತ್ತಾನೆ. ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿದರೆ ಆ ಓಣಿಯಿಂದ ಹೊರಗೆ ಬರಬಹುದು. ನಮ್ಮ ಚನ್ನಪಟ್ಟಣ ಕಡೆಯ ಹುಡುಗರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ, ತೋಟದ ಬಾವಿಯಲ್ಲಿ ಈಜು ಕಲಿತವರು. ಕೆರೆಯ ನೀರು ನಿಂತಿರುತ್ತೆ, ಎಲ್ಲಿಗೂ ಕರೆದುಕೊಂಡು ಹೋಗಲ್ಲ. ನನಗೆ ಈಜು ಬರುತ್ತೆ ಅನ್ನುವ ಧೈರ್ಯವೇ ಕಡಲಲ್ಲಿ ನಮಗೆ ಶತ್ರು.

2024ರ ಡಿಸೆಂಬರ್ 10 ನಿಮಗೆ ನೆನಪಿರಬಹುದು. ಇದೇ ಕರಾವಳಿಯ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಕೋಲಾರವೂ ನಮ್ಮ ಹಾಗೆ ಕಡಲಿಲ್ಲದ ಸೀಮೆ. ನಾನು ಇಲ್ಲಿ ಯಾರ ಮೇಲೂ ತೀರ್ಪು ಹೇಳುತ್ತಿಲ್ಲ, ಹೇಳುವ ಯೋಗ್ಯತೆ ನನಗಿಲ್ಲ, ಯಾಕೆ ಇಲ್ಲ ಅಂತ ಈಗಷ್ಟೇ ಹೇಳಿದೆ. ಆದರೆ ಆ ನಾಲ್ಕು ಮನೆಗೆ ಹೋಗಿ ದೇವರ ಚಿತ್ತ ಅನ್ನುವ ಮಾತನ್ನು ನಾವ್ಯಾರೂ ಸುಲಭವಾಗಿ ಆಡಬಾರದು. ದೇವರು ತನ್ನ ಚಿತ್ತವನ್ನು ತಾನೇ ಹೇಳಿಕೊಳ್ಳಲಿ. ಮನುಷ್ಯರು ಮಾಡಬೇಕಾದದ್ದು ಎಲ್ಲಿ ಉಳಿಯಿತೋ ಅಲ್ಲಿಗೆ ಆ ಪದವನ್ನು ಮುಚ್ಚಳದ ಹಾಗೆ ಹಾಕುವುದು ಬೇಡ.

ಸಂಜೆ ಮೇಲೆ ಹತ್ತಿದೆವು. ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ, ಜನ ಜಾಸ್ತಿ. ಒಳಗೆ ಸುತ್ತುವ ಮೆಟ್ಟಿಲು, ಮೇಲೆ ಇಕ್ಕಟ್ಟಾದ ಜಾಗ, ಸುತ್ತ ಕಂಬಿ. ಗಾಳಿ ಅಂದ್ರೆ ಗಾಳಿ. ಪಡುವಣಕ್ಕೆ ಸೂರ್ಯ ಇಳಿಯುತ್ತಿದ್ದ, ದೇವರ ಕೈಕೆಲಸ ನೋಡಿ ನನಗೆ ಕಣ್ಣು ತುಂಬಿತು, ನಾಚಿಕೆಯಿಲ್ಲದೆ ಹೇಳ್ತೀನಿ. ಅಷ್ಟರಲ್ಲಿ ಪಕ್ಕದಲ್ಲಿ ಯಾವುದೋ ಊರಿನ ಹುಡುಗ ರೀಲ್ಸ್‌ಗೋಸ್ಕರ ಕಂಬಿಯಿಂದ ಅರ್ಧ ದೇಹ ಆಚೆ ಹಾಕಿದ. ಅವನ ಗೆಳೆಯ ಬೆಲ್ಟು ಹಿಡಿದುಕೊಂಡಿದ್ದ. ಅವನನ್ನು ಒಳಗೆ ಎಳೆದೆವು, ಬೈದ, ಹೋದ.

ಆಗ ನನಗೆ ಮತ್ತಾಯ 4 ಬಂತು. ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ದುಮುಕು ಅಂದದ್ದು ಬರೀ ಬಾಯಿಮಾತಿನಿಂದಲ್ಲ, ವಾಕ್ಯ ಹಿಡಿದು. ಕೀರ್ತನೆ 91, ದೂತರು ಕಾಯುತ್ತಾರೆ ಅನ್ನುವ ಆ ಭಾಗ. ನಾವು ಪ್ರತಿ ಪ್ರಯಾಣಕ್ಕೆ ಮುಂಚೆ ಓದುವ ಕೀರ್ತನೆ ಅದು, ನಮ್ಮ ಮನೆ ಬಾಗಿಲಿಗೆ ಅಂಟಿಸಿರುವುದು ಅದೇ. ಆ ಕೀರ್ತನೆ ಸತ್ಯ. ಸೈತಾನನ ಬಾಯಲ್ಲಿ ಬಂದರೂ ಅದು ಸತ್ಯವೇ. ಆದರೆ ಕರ್ತನು ದುಮುಕಲಿಲ್ಲ. ದೇವರನ್ನು ಪರೀಕ್ಷಿಸುವುದಕ್ಕೆ ನಾನು ಬಂದಿಲ್ಲ ಅಂತ ಬೇರೆ ವಾಕ್ಯದಿಂದ ಉತ್ತರ ಕೊಟ್ಟನು. ದುಮುಕಬೇಡ ಅನ್ನುವುದು ಅಪನಂಬಿಕೆ ಆಗಿದ್ದರೆ ಮೊದಲು ಯೇಸುವನ್ನೇ ಅಪನಂಬಿಗಸ್ತ ಅನ್ನಬೇಕಾಗುತ್ತೆ. ಸಂಗಮದ ದಡದಲ್ಲಿ ನಾನು ಮಾಡಿದ್ದೂ ಇದೇ ಅಲ್ಲವಾ? ಅದೂ ನಾನು ದುಮುಕಲಿಲ್ಲ, ಮಕ್ಕಳನ್ನು ದುಮುಕಿಸಿದೆ.

ಕೆಲವರ ಮನಸ್ಸಲ್ಲಿ ಅರಣ್ಯಕಾಂಡ 13 ಓಡುತ್ತಿರುತ್ತೆ. ಹನ್ನೆರಡು ಗೂಢಚಾರರು ಹೋಗಿ ನೋಡಿ ಬಂದದ್ದರಿಂದಲೇ ಅಲ್ಲವಾ ಬ್ರದರ್ ಇಸ್ರಾಯೇಲ್ಯರು ನಲವತ್ತು ವರ್ಷ ಅಲೆದದ್ದು? ಒಳ್ಳೆಯ ಪ್ರಶ್ನೆ. ಅಧ್ಯಾಯದ ಮೊದಲ ಎರಡು ವಚನ ಮತ್ತೆ ಓದಿ, ಕಳಿಸು ಅಂದದ್ದು ದೇವರೇ. ಹತ್ತು ಜನ ತಂದ ಸುದ್ದಿಯಲ್ಲಿ ಕೋಟೆ ಇದ್ದದ್ದು ನಿಜ, ಎತ್ತರದ ಜನ ಇದ್ದದ್ದೂ ನಿಜ. ಕಾಲೇಬನು ಕೋಟೆ ಇಲ್ಲ ಅಂತ ಹೇಳಲಿಲ್ಲ. ಅವರು ತಪ್ಪಿದ್ದು ನೋಡಿದ್ದರಲ್ಲಿ ಅಲ್ಲ, ನೋಡಿದ್ದನ್ನೇ ಕೊನೆಯ ಮಾತು ಮಾಡಿಕೊಂಡದ್ದರಲ್ಲಿ. ನಾನು ಕಾಪುವಿನಿಂದ ಬಂದು, ಅಯ್ಯೋ ಕಡಲು ನುಂಗಿಬಿಡುತ್ತೆ, ಯಾರೂ ಹೋಗೋದು ಬೇಡ, ಎಲ್ಲರೂ ಮನೆಯಲ್ಲೇ ಇರಿ ಅಂದಿದ್ದರೆ ನಾನೂ ಆ ಹತ್ತರಲ್ಲಿ ಹನ್ನೊಂದನೆಯವನು. ಎಲ್ಲಾ ಓಕೆ, ಸೂಪರ್ ಜಾಗ ಅಂದಿದ್ದರೆ ಅದಕ್ಕಿಂತ ಕೆಟ್ಟವನು.

ಆ ಎರಡನೆಯದು ನನಗೆ ನಿಜವಾಗಿಯೂ ಬಂದ ಶೋಧನೆ. ವಾಪಸ್ ಬರುವಾಗ ಮೂರು ಜನವೂ ಲೆಕ್ಕ ಹಾಕಿದೆವು. ಬಸ್ಸಿಗೆ ಅಡ್ವಾನ್ಸ್ ಕೊಟ್ಟಾಗಿದೆ, ದಿನ ಬದಲಿಸಿದರೆ ಅದು ಹೋಗುತ್ತೆ. ಟೀ ಶರ್ಟ್ ಮೇಲೆ ತಾರೀಖು ಪ್ರಿಂಟ್ ಆಗಿದೆ. ನಮ್ಮ ತಮ್ಮ ಮೆತ್ತಗೆ ಅಂದ, "ಅಣ್ಣ, ಉಬ್ಬರ ಅಂತ ಯಾರಿಗೆ ಗೊತ್ತಾಗುತ್ತೆ, ಸ್ವಲ್ಪ ಹಿಂದೆ ಕೂರಿಸಿದ್ರಾಯ್ತು." ಘಾಟಿ ಹತ್ತುವ ತನಕ ಆ ಮಾತು ನನಗೆ ಸಿಹಿಯಾಗೇ ಇತ್ತು. ಪೌಲನ ಹಡಗೂ ಹಾಗೇ ಹೊರಟದ್ದು. 27ರ 10ನೇ ವಚನದಲ್ಲಿ ಪೌಲನು ಹೋಗಬೇಡಿ, ನಷ್ಟವಾಗುತ್ತೆ ಅಂತ ಎಚ್ಚರಿಸಿದ್ದ. ಶತಾಧಿಪತಿ ಹಡಗಿನ ಯಜಮಾನನ ಮಾತು ಕೇಳಿದ. ಅಷ್ಟರಲ್ಲಿ ತೆಂಕಣ ಗಾಳಿ ಮೆಲ್ಲಗೆ ಬೀಸಿತು, ಎಲ್ಲಾ ಸರಿಯಾಯಿತು ಅಂದುಕೊಂಡು ಲಂಗರು ಎತ್ತಿದರು. ಮೆಲ್ಲಗೆ ಬೀಸುವ ಗಾಳಿ ಎಷ್ಟು ಜನರನ್ನು ಹೊರಡಿಸಿದೆ ಅಂತೀರಿ.

ಇನ್ನೊಂದನ್ನೂ ಹೇಳಬೇಕು. ಹೋಗಿ ನೋಡಿ ಬಂದೆ ಅಂತ ನನಗೆ ಗರ್ವ ಬರುವಂತಿಲ್ಲ. ಆ ಹಿರಿಯರು ಮಾತಾಡಿಸದಿದ್ದರೆ ನಾನು ನೋಡಿಯೂ ತಪ್ಪೇ ನೋಡಿ ಬರುತ್ತಿದ್ದೆ, ಕೈಯಲ್ಲಿ ಫೋಟೋ ಬೇರೆ ಇರುತ್ತಿತ್ತು ಸಾಕ್ಷಿಗೆ. ಉಪವಾಸ ಮಾಡೋಣ ಅಂದ ಆ ತಾಯಿ, ನಾನು ಹೊರಟ ರಾತ್ರಿಯಿಂದ ಊಟ ಬಿಟ್ಟು ಕೂತಿದ್ದರು ಅಂತ ಇವತ್ತು ಬೆಳಿಗ್ಗೆ ಗೊತ್ತಾಯಿತು. ಸಾವಿರ ಸಲ ಹೋಗಿ ನೋಡಿದರೂ ಬರುವ ದಿನದ ಗಾಳಿ ನನ್ನ ಕೈಯಲ್ಲಿಲ್ಲ. ನಾವಿಕರು ಹದಿನೈದು ಮಾರು ಅಂತ ಅಳೆದರು, ನಾಲ್ಕು ಲಂಗರು ಹಾಕಿದರು, ಆಮೇಲೆ ಬೆಳಕು ಯಾವಾಗ ಹರಿಯುತ್ತೋ ಅಂತ ಕಾಯುತ್ತಾ ಕೂತರು. ಹಡಗು ಕೊನೆಗೂ ಒಡೆಯಿತು. 276 ಜನವೂ ದಡ ಸೇರಿದರು, ಕೆಲವರು ಈಜಿಕೊಂಡು, ಕೆಲವರು ಹಲಗೆ ಹಿಡಿದುಕೊಂಡು. ಆ ಉಪವಾಸ ಕೂತ ತಾಯಿಯನ್ನೂ ಆ ಬಲೆ ಬಿಡಿಸುತ್ತಿದ್ದ ಹಿರಿಯರನ್ನೂ ದೇವರು ಒಂದೇ ಶನಿವಾರ ನನಗೋಸ್ಕರ ಕೂರಿಸಿದ್ದನು ಅಂತ ನಾನು ನಂಬುತ್ತೇನೆ. ಇಬ್ಬರಲ್ಲಿ ಒಬ್ಬರ ಮಾತು ಮಾತ್ರ ಸಾಕು ಅಂತ ನನಗೆ ಈಗ ಅನ್ನಿಸುವುದಿಲ್ಲ.

ಸರಿ, ನೋಡಿದ್ದನ್ನು ಇದ್ದ ಹಾಗೆ ಹೇಳಿಬಿಡ್ತೀನಿ. ಔಟಿಂಗ್ ಬರುವ ಶನಿವಾರ ಇಲ್ಲ, ಅದರ ಮುಂದಿನ ಶನಿವಾರ. ಎರಡು ವಾರ ಕಳೆದರೆ ಉಬ್ಬರ ಇಳಿತದ ಹೊತ್ತು ಹೆಚ್ಚುಕಡಿಮೆ ನಾವು ನೋಡಿದ ಹಾಗೇ ಬರುತ್ತೆ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆ ನೋಡುತ್ತೇವೆ. ಎಚ್ಚರಿಕೆ ಇದ್ದರೆ ಬಸ್ಸು ಹೊರಡುವುದಿಲ್ಲ, ಅವತ್ತು ಹೊಂಗನೂರಿನಲ್ಲೇ ಕೂಟ, ಅಲ್ಲೇ ಊಟ. ಹೋದರೆ ನೀರಿಗೆ ಯಾರೂ ಇಳಿಯುವುದಿಲ್ಲ, ಪಾದ ನೆನೆಸಿಕೊಳ್ಳುವುದು ಕೂಡ ಹಿರಿಯರು ನಿಂತ ಕಡೆ ಮಾತ್ರ. ಮೇಲೆ ಹತ್ತುವಾಗ ಆರು ಜನರ ಗುಂಪು, ಮೇಲೆ ಫೋನ್ ಜೇಬಲ್ಲಿ. ಬಸ್ಸಿನ ಅಡ್ವಾನ್ಸ್ ಹೋಯಿತು. ಅದನ್ನು ನಿಮ್ಮಿಂದ ಕೇಳುವುದಿಲ್ಲ, ನಾವು ಮೂರು ಜನ ಹಂಚಿಕೊಂಡಿದ್ದೇವೆ. ಟೀ ಶರ್ಟ್ ಮೇಲೆ ತಪ್ಪು ತಾರೀಖು ಇರುತ್ತೆ, ಹಾಗೇ ಹಾಕ್ಕೊಳ್ಳಿ.

ಸಿಟ್ಟು ಬಂದವರು ಕೂಟ ಆದ ಮೇಲೆ ನನ್ನ ಹತ್ತಿರ ಬನ್ನಿ, ಮಾತಾಡೋಣ. ಆ ಶನಿವಾರ ಪರೀಕ್ಷೆ ಇರುವವರೂ ಹೇಳಿ.

ಸಂಗಮದ ಆ ಹುಡುಗನಿಗೆ ಈಗ ಮದುವೆಯಾಗಿ ಒಂದು ಮಗು ಇದೆ. ಅವನ ತಾಯಿಗೆ ಹೋದ ಬುಧವಾರ ಫೋನ್ ಮಾಡಿದೆ. ಅಮ್ಮ, ಅವತ್ತು ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ, ನಾನು ಆ ಜಾಗ ನೋಡಿರಲಿಲ್ಲ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಗೊತ್ತಿತ್ತು ಅಯ್ಯ," ಅಂದರು. "ಈ ಸಲ ಹೋಗಿ ನೋಡ್ತೀರಾ?"

ಈಗ ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ. ಅದಕ್ಕೆ ಮುಂಚೆ, ಬಾಗಿಲ ಹತ್ತಿರ ನಮ್ಮ ಅಕ್ಕ ಒಂದು ನೋಟ್‌ಬುಕ್ ಹಿಡ್ಕೊಂಡು ನಿಂತಿದ್ದಾರೆ. ಹೆಸರು ಕೊಟ್ಟವರೆಲ್ಲಾ ಹೋಗುವಾಗ ಅದರಲ್ಲಿ ನಿಮ್ಮ ತಂದೆ ಅಥವಾ ತಾಯಿಯ ಫೋನ್ ನಂಬರ್ ಬರೆದು ಹೋಗಿ, ಈಜು ಬರುತ್ತೆ ಅನ್ನುವವರೂ ಬರೆಯಿರಿ.